ಟೇಪ್ ಹೋಯ್ತು, ಫೋನ್ ಬಂತು, ಡುಂ ಡುಂ ಡುಂ!

ಬಾಲ ಕೊಟ್ಟು ಕತ್ತಿ ತಗೊಂಡು, ಕತ್ತಿ ಕೊಟ್ಟು ಮತ್ತೊಂದು ತಗೊಂಡು, ಕೊನೆಗೆ ಡೋಲು ಬಡೀತಾ ಮರದ ಮೇಲೆ ಕೂತ ಕೋತಿಯ ಕಥೆ ಕೇಳದೆ ಬೆಳೆದ ಕನ್ನಡಿಗ ಉಂಟೇ? ಮಿತ್ರರೇ, ನಿಮ್ಮ ಕೈಯಲ್ಲಿರೋ ಸ್ಮಾರ್ಟ್‌ಫೋನಿನ ಕಥೆಯೂ ಥೇಟ್ ಅದೇ! ವಾಚು ಕೊಟ್ಟೆವು, ಟಾರ್ಚು ಕೊಟ್ಟೆವು, ಕ್ಯಾಮೆರಾ ಕೊಟ್ಟೆವು, ರೇಡಿಯೋ ಕೊಟ್ಟೆವು, ಟೇಪ್ ರೆಕಾರ್ಡರೂ ಕೊಟ್ಟೆವು. ಬದಲಿಗೆ ಅಂಗೈ ಅಗಲದ ಒಂದು ಗಾಜಿನ ಬಿಲ್ಲೆ ತಗೊಂಡು ಹಗಲೂ ರಾತ್ರಿ ಅದನ್ನೇ ಉಜ್ಜುತ್ತಾ ಕೂತಿದ್ದೇವೆ.

ವ್ಯಾಪಾರ ಲಾಭದ್ದೋ, ನಷ್ಟದ್ದೋ? ಲಾಭದ್ದೇ ಅನ್ನೋದು ನನ್ನ ಮತ. ಹಳೇದೆಲ್ಲ ಹೊನ್ನು, ಹೊಸದೆಲ್ಲ ತಗಡು ಅಂತ ಗೊಣಗೋರ ಪೈಕಿ ನಾನಲ್ಲ. ಆದರೆ ಈ ಅದಲು ಬದಲಿನಲ್ಲಿ ಒಂದೇ ಒಂದು ಸಾಮಾನಿನ ಹೊಟ್ಟೆಯೊಳಗೆ ಒಂದಷ್ಟು ಮಾಲು ಉಳಿದುಹೋಗಿದೆ. ಅದು ನಿಮ್ಮ ಮನೆಯ ಅಟ್ಟದ ಮೇಲೂ ಇರಬಹುದು. ಅದರ ಸಮಾಚಾರ ಹೇಳೋಕೇ ಇಷ್ಟೆಲ್ಲ ಪೀಠಿಕೆ. ಆ ಜಾಗಕ್ಕೆ ಬರೋ ಮುಂಚೆ ಸ್ವಲ್ಪ ಹಳೇ ರೀಲು ಸುತ್ತೋಣ, ಬನ್ನಿ.

ಐದು ಜನ ಸೇರಿದರೆ ಒಂದು ಫೋನ್!

ಎಂಬತ್ತರ ದಶಕದ ಮಾತು. ನಮ್ಮದು ತಿಪಟೂರು ಸೀಮೆಯ ತೆಂಗಿನ ತೋಟದ ಹಳ್ಳಿ. ಸಿನಿಮಾ ಅಂದರೆ ಸೈಕಲ್ ತುಳಿದುಕೊಂಡು ಟೌನಿಗೆ ಹೋಗಬೇಕು. ಹೊರಡೋರು ಐದು ಜನ, ಸೈಕಲ್ ಮೂರು. ಒಬ್ಬನ ಕೈಯಲ್ಲಿ ಅವರಪ್ಪನ ಹೆಚ್.ಎಂ.ಟಿ. ವಾಚು. ಇನ್ನೊಬ್ಬನ ಹತ್ತಿರ ಮೂರು ಸೆಲ್ಲಿನ ಟಾರ್ಚು. ಸೆಕೆಂಡ್ ಷೋ ಬಿಟ್ಟ ಮೇಲೆ ಕೆರೆ ಏರಿ ದಾಟಬೇಕಲ್ಲ, ಅವನಿಲ್ಲದೆ ಯಾರೂ ಹೆಜ್ಜೆ ಎತ್ತಿಡೋ ಹಾಗಿರಲಿಲ್ಲ. ಮೂರನೆಯವನದು ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ. ನಾಲ್ಕನೆಯವನ ಸೈಕಲ್ ಹ್ಯಾಂಡಲ್‌ಗೆ ಚರ್ಮದ ಚೀಲದಲ್ಲಿ ತೂಗುಬಿದ್ದ ಟ್ರಾನ್ಸಿಸ್ಟರ್. ಐದನೆಯವನು ಈ ನಿಮ್ಮ ಬರಹಗಾರ. ನನ್ನ ಆಸ್ತಿ ಅಂದರೆ ಹಾಡಿನ ಪುಸ್ತಕಗಳ ಒಂದು ಕಟ್ಟು.

ಈಗ ಲೆಕ್ಕ ಹಾಕಿ ನೋಡಿ. ಗಡಿಯಾರ, ಟಾರ್ಚು, ಕ್ಯಾಮೆರಾ, ರೇಡಿಯೋ, ಹಾಡಿನ ಸಾಹಿತ್ಯ. ಐದೂ ಇವತ್ತು ಒಬ್ಬನ ಜೇಬಿನಲ್ಲಿವೆ. ಅಂದರೆ ನಾವು ಐದು ಜನ ಸೇರಿದರೆ ಒಂದು ಸ್ಮಾರ್ಟ್‌ಫೋನ್! ಒಬ್ಬ ಮುನಿಸಿಕೊಂಡು ಮನೆಯಲ್ಲೇ ಉಳಿದರೆ ಒಂದು ಬಟನ್ ಕೆಟ್ಟ ಹಾಗೆ. ವಾಚಿನವನ ಜತೆ ಜಗಳ ಆಡಿದ ವಾರ ನಾವು ಟಾಕೀಸ್ ಮುಟ್ಟೋ ಹೊತ್ತಿಗೆ ಟೈಟಲ್ ಕಾರ್ಡ್ ಮುಗಿದು, ಮೊದಲ ಹಾಡೂ ಮುಗಿದಿರುತ್ತಿತ್ತು. ಹೀಗಾಗಿ ವಾಚಿನವನ ಜತೆ ಜಗಳ ಆಡೋಕೆ ಯಾರಿಗೂ ಧೈರ್ಯವಿರಲಿಲ್ಲ.

ಆ ವಾಚು ನಮ್ಮ ಬೆಂಗಳೂರಿನದೇ ಅನ್ನೋ ಹೆಮ್ಮೆ ಬೇರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜತೆ ಸೇರಿ ಹೆಚ್.ಎಂ.ಟಿ.ಯವರು ಜಾಲಹಳ್ಳಿಯ ಹತ್ತಿರ ವಾಚು ತಯಾರಿಕೆ ಶುರು ಮಾಡಿದರು. ಜನತಾ ಅನ್ನೋ ಮಾಡೆಲ್ ಕಟ್ಟದ ಮದುವೆ ಗಂಡೇ ಇರಲಿಲ್ಲ ಅನ್ನಿ. ದಿನಾ ಬೆಳಿಗ್ಗೆ ಕೀ ಕೊಡೋದೂ ಹಲ್ಲುಜ್ಜೋ ಹಾಗೆ ಒಂದು ನಿತ್ಯಕರ್ಮ. 2016ರ ಜನವರಿಯಲ್ಲಿ ಹೆಚ್.ಎಂ.ಟಿ. ವಾಚಸ್ ಮುಚ್ಚೋದಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಷ್ಟು ಹೊತ್ತಿಗಾಗಲೇ "ಟೈಮ್ ಎಷ್ಟಾಯ್ತು?" ಅಂದರೆ ಹುಡುಗರು ಮಣಿಕಟ್ಟು ನೋಡೋದು ಬಿಟ್ಟು ಜೇಬಿಗೆ ಕೈ ಹಾಕೋದು ಕಲಿತಿದ್ದರು.

ಕ್ಲಿಕ್ ಥ್ರೀ ಕ್ಯಾಮೆರಾ ಬರೋಡಾದಲ್ಲಿ ತಯಾರಾಗುತ್ತಿತ್ತು. ಒಂದು ರೋಲಿಗೆ ಹನ್ನೆರಡೇ ಫೋಟೋ. ಹನ್ನೆರಡು! ಈಗ ಒಂದು ದೋಸೆಗೇ ಹನ್ನೆರಡು ತೆಗೀತೀರಿ. ಅಣ್ಣಾವ್ರ ಕಟೌಟ್ ಮುಂದೆ ಐವರೂ ಸಾಲಾಗಿ ನಿಂತು ಉಸಿರು ಬಿಗಿಹಿಡಿದರೆ ಒಂದೇ ಕ್ಲಿಕ್ಕು. ರೋಲು ಮುಗಿಯೋ ತನಕ ತೊಳೆಸೋ ಹಾಗಿಲ್ಲ. ಹನ್ನೆರಡನೆಯದು ಯಾರದೋ ನಾಮಕರಣದಲ್ಲಿ ಮುಗಿದು, ಸ್ಟುಡಿಯೋದವರು ತೊಳೆದು ಕೊಡೋ ಹೊತ್ತಿಗೆ ಆ ಕಟೌಟ್ ಇಳಿದು ಬೇರೆ ಸಿನಿಮಾದ್ದು ಏರಿರುತ್ತಿತ್ತು. ಬಂದ ಫೋಟೋದಲ್ಲಿ ಅಣ್ಣಾವ್ರು ಮೊಣಕಾಲಿನ ತನಕ ಮಾತ್ರ! ಆದರೂ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ಮೊಳೆ ಹೊಡೆದದ್ದುಂಟು.

"ಉಳಿದುದನ್ನು ಬೆಳ್ಳಿತೆರೆಯ ಮೇಲೆ..."

ಹಾಡಿನ ಪುಸ್ತಕದ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ಹೊಟ್ಟೆ ಉರಿ ತಣಿಯೋದಿಲ್ಲ. ತೆಳು ಕಾಗದದ ಹತ್ತಾರು ಪುಟ. ಮುಖಪುಟದ ಮೇಲೆ ಅರ್ಧ ಕೆಂಪು ಅರ್ಧ ನೀಲಿಯಾಗಿ ಸರಿದುಕೊಂಡ ನಾಯಕ ನಾಯಕಿಯರ ಬ್ಲಾಕು. ಒಳಗೆ ತಾರಾಗಣ, ಕಥಾಸಾರ, ಆಮೇಲೆ ಹಾಡುಗಳು. ಕಥಾಸಾರ ಬರೆಯೋ ಪುಣ್ಯಾತ್ಮ ಕಥೆಯನ್ನ ಸರಿಯಾಗಿ ನಾಯಕಿಯ ಮೇಲೆ ಅಪವಾದ ಬರೋ ಕಡೆ ತಂದು ನಿಲ್ಲಿಸಿ, ಮುಂದೇನಾಯಿತು ಅನ್ನೋದನ್ನ ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಅಂತ ಕೈತೊಳೆದುಕೊಳ್ಳುತ್ತಿದ್ದ. ಟಾಕೀಸಿನ ಗೇಟಿನಲ್ಲಿ, ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಗೋಣಿತಾಟಿನ ಮೇಲೆ ಹರಡಿಕೊಂಡು ಮಾರೋರು. ಮಾರುವವನೇ ಅರ್ಧ ಗಾಯಕ. ಹೊಸ ಹಾಡಿನ ಧಾಟಿ ಬರದೇ ಇದ್ದರೆ ಅವನನ್ನೇ ಕೇಳಬಹುದಿತ್ತು. ಇವತ್ತು ಫೋನಿನಲ್ಲಿ ಹಾಡಿನ ಜತೆಜತೆಗೇ ಸಾಲು ಓಡುತ್ತದೆ, ಬಣ್ಣ ಬದಲಾಯಿಸುತ್ತದೆ, ಎಲ್ಲಾ ಸರಿ. ಒತ್ತು, ದೀರ್ಘ ನುಂಗಿಕೊಂಡ ಆ ಕನ್ನಡ ನೋಡಿದರೆ ಮಾತ್ರ ನಮ್ಮ ಗೋಣಿತಾಟಿನ ಪಂಡಿತನೇ ವಾಸಿ ಅನ್ನಿಸುತ್ತೆ.

ರೇಡಿಯೋ ಮಾತು ಇನ್ನೂ ದೊಡ್ಡದು. 1957ರ ಅಕ್ಟೋಬರ್ 3ಕ್ಕೆ ಹುಟ್ಟಿದ ವಿವಿಧಭಾರತಿ ನಮ್ಮ ಕಾಲಕ್ಕೆ ಪ್ರಾಯಕ್ಕೆ ಬಂದಿತ್ತು. ಕಾರ್ಡು ಬರೆದು ಹಾಡು ಕೇಳೋದು, ಆಮೇಲೆ ವಾರಗಟ್ಟಲೆ ಕಿವಿ ಒಡ್ಡಿಕೊಂಡು ಕಾಯೋದು. ಒಂದು ದಿನ ನಮ್ಮ ಹಳ್ಳಿಯ ಹೆಸರು ರೇಡಿಯೋದಲ್ಲಿ ಬಂತೆಂದರೆ, ಹಾಡು ಯಾವುದಾದರೇನು! ರಜೆ ದಿನಗಳಲ್ಲಿ ಒಂದೊಂದು ಸಿನಿಮಾದ ಧ್ವನಿಯನ್ನ ಕತ್ತರಿಸಿ ತಾಸಿಗೆ ಇಳಿಸಿ ಪ್ರಸಾರ ಮಾಡೋರು. ಹುಣಸೂರು ಕೃಷ್ಣಮೂರ್ತಿಯವರ 1977ರ 'ಬಭ್ರುವಾಹನ' ಕೇಳಬೇಕಿತ್ತು ನೀವು. ಅರ್ಜುನನೂ ಅಣ್ಣಾವ್ರೇ, ಬಭ್ರುವಾಹನನೂ ಅಣ್ಣಾವ್ರೇ! ತೆರೆಯ ಮೇಲೆ ಕಿರೀಟ ನೋಡಿ ಗುರುತು ಹಿಡೀಬಹುದು. ಬರೀ ಕಿವಿಯಲ್ಲಿ ಕೇಳುವಾಗ ಯಾವುದು ಅಪ್ಪನ ದನಿ, ಯಾವುದು ಮಗನ ದನಿ ಅಂತ ಹೇಳೋದು ಹೇಗೆ? ಆದರೂ ಗೊತ್ತಾಗುತ್ತಿತ್ತು ಸ್ವಾಮೀ! ಅದು ಆ ಕಂಠದ ಮಹಿಮೆ. ನಮ್ಮ ಹಳ್ಳಿಯಲ್ಲಿ ಆ ಮಾತಿನ ಯುದ್ಧ ಬಾಯಿಪಾಠ ಇಲ್ಲದ ಹುಡುಗ ಇರಲಿಲ್ಲ.

ಬಂದ ನೋಡಿ ಮಹಾರಾಜ!

ಇಂಥಾ ಹೊತ್ತಿಗೆ ಎಂಟ್ರಿ ಕೊಟ್ಟಿದ್ದು ಟೂ-ಇನ್-ಒನ್. ರೇಡಿಯೋನೂ ಅದೇ, ಟೇಪ್ ರೆಕಾರ್ಡರೂ ಅದೇ. ಎರಡು ಕೆಲಸವನ್ನ ಒಂದು ಡಬ್ಬಿ ಮಾಡುತ್ತೆ ಅನ್ನೋದೇ ಆಗ ಎಂಥಾ ಬೆರಗು! ಗಲ್ಫಿಗೆ ಹೋದವರು ಹೆಗಲ ಮೇಲೆ ಹೊತ್ತು ತರೋರು. ಇಲ್ಲವೇ ಮೆಜೆಸ್ಟಿಕ್ ಸುತ್ತಮುತ್ತ ಫಾರಿನ್ ಸಾಮಾನು ಮಾರೋ ಅಂಗಡಿಯಲ್ಲಿ ಚೌಕಾಶಿ ಮಾಡಿ ಪೇಪರ್ ಸುತ್ತಿ ತರೋರು. ಮನೆಗೆ ಬಂದ ಮೇಲೆ ಅದಕ್ಕೊಂದು ಕಸೂತಿ ಹಾಕಿದ ಬಟ್ಟೆಯ ಹೊದಿಕೆ, ಹಬ್ಬದ ದಿನ ಕುಂಕುಮ!

ಈ ಕ್ಯಾಸೆಟ್ ಹುಟ್ಟಿದ ಕಥೆಯೂ ಸ್ವಾರಸ್ಯದ್ದೇ. ಅದಕ್ಕೆ ಮುಂಚೆ ಟೇಪ್ ರೆಕಾರ್ಡರ್ ಅಂದರೆ ಊಟದ ತಟ್ಟೆಯಷ್ಟಗಲದ ಎರಡು ಚಕ್ರ ಹೊತ್ತ ದೊಡ್ಡ ಪೆಟ್ಟಿಗೆ. ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಅನ್ನೋ ಎಂಜಿನಿಯರು ಒಂದು ಮರದ ತುಂಡು ಕೊಯ್ಸಿ ಕೋಟಿನ ಜೇಬಿಗೆ ಹಾಕಿ ನೋಡಿದನಂತೆ. ಮೆಷಿನ್ನು ಇದಕ್ಕಿಂತ ದೊಡ್ಡದಿರಕೂಡದು ಅಂತ ಅವನ ಹಟ. 1963ರಲ್ಲಿ ಬರ್ಲಿನ್ನಿನ ರೇಡಿಯೋ ಮೇಳದಲ್ಲಿ ಅವನ ತಂಡದ ಕ್ಯಾಸೆಟ್ ಲೋಕಕ್ಕೆ ಮುಖ ತೋರಿಸಿತು. ಅಂದರೆ ಎಲ್ಲಾ ಸಾಮಾನನ್ನೂ ಜೇಬಿಗೆ ತುರುಕೋ ಚಟ ಮೊನ್ನೆ ಮೊನ್ನೆಯದಲ್ಲ. ಅಲ್ಲೇ ಶುರುವಾಗಿತ್ತು!

ಒಳಗಿರೋದೇನು? ನಾಲ್ಕು ಮಿಲಿಮೀಟರಿಗೂ ಕಿರಿದಾದ ಪ್ಲಾಸ್ಟಿಕ್ ನಾಡ. ಅದಕ್ಕೆ ಬಳಿದ ಕಬ್ಬಿಣದ ತುಕ್ಕಿನ ಪುಡಿ. ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಅದು ಹೆಡ್ ಅನ್ನೋ ಪುಟ್ಟ ಅಯಸ್ಕಾಂತವನ್ನ ಸವರಿಕೊಂಡು ಹೋಗುತ್ತೆ. ಅಷ್ಟೇ! ಸಿ-60 ಅಂದರೆ ಒಂದೊಂದು ಕಡೆಗೆ ಅರ್ಧ ತಾಸು, ಸುಮಾರು 90 ಮೀಟರ್ ಟೇಪು. ಸಿ-90ಯಲ್ಲಿ ಮುಕ್ಕಾಲು ತಾಸು. ಸಿ-120 ಕೊಂಡವನು ಜಿಪುಣ ಅಂತ ಅರ್ಥ. ಅಷ್ಟುದ್ದದ್ದು ಅದೇ ಡಬ್ಬಿಗೆ ಹಿಡಿಸಬೇಕಾದರೆ ಟೇಪು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರಬೇಕು, ಮೂರನೇ ಸಲಕ್ಕೇ ಮೆಷಿನ್ನಿಗೆ ಸುತ್ತಿಕೊಂಡು ಶಾವಿಗೆಯಾಗಿ ಹೊರಬರೋದು. ಆಗ ಆರು ಮೂಲೆ ಪೆನ್ಸಿಲ್ಲು ತಗೊಂಡು ಹಲ್ಲಿಗೆ ಸಿಕ್ಕಿಸಿ ಗಿರಗಿರ ಸುತ್ತೋ ವಿದ್ಯೆ ಬೇಕು. ಈಗಿನ ಹುಡುಗರ ಮುಂದೆ ಪೆನ್ಸಿಲ್ಲು ಕ್ಯಾಸೆಟ್ಟು ಒಟ್ಟಿಗಿಟ್ಟರೆ ಎರಡಕ್ಕೂ ಏನು ನಂಟು ಅಂತ ಕೇಳ್ತಾರೆ!

ಟೇಪು ಬಂದದ್ದೇ ಬಂದದ್ದು, ಸಿನಿಮಾ ಹಾಡಿನ ವ್ಯಾಪಾರವೇ ತಲೆಕೆಳಗಾಯ್ತು. ಅಲ್ಲಿಯ ತನಕ ಹಾಡು ಕೊಳ್ಳಬೇಕು ಅಂದರೆ ಹೆಚ್.ಎಂ.ವಿ.ಯ ಕಪ್ಪು ತಟ್ಟೆ ಕಲ್ಕತ್ತಾ ಪಕ್ಕದ ಡಮ್ ಡಮ್ ಕಾರ್ಖಾನೆಯಿಂದ ಬರಬೇಕು. ಅದನ್ನ ಹಾಕೋ ಪ್ಲೇಯರ್ ಊರಿಗೆಲ್ಲ ಗೌಡರ ಮನೆಯಲ್ಲಿ ಒಂದು, ಮೈಕ್‌ಸೆಟ್ ಅಂಗಡಿಯಲ್ಲಿ ಒಂದು. ನಮ್ಮ ರಾಮನಗರದ ಬಂಡೆಗಳ ಮಧ್ಯೆ ತೆಗೆದ 1975ರ 'ಶೋಲೆ'ಯ ಸಂಭಾಷಣೆಯ ರೆಕಾರ್ಡು ಪಾಲಿಡಾರ್‌ನವರು ಬಿಟ್ಟಾಗ ಅದನ್ನ ಕೇಳಿದ್ದೂ ಮೈಕ್‌ಸೆಟ್ಟಿನಲ್ಲೇ. ಕ್ಯಾಸೆಟ್ ಬಂದ ಮೇಲೆ ಬೆಂಗಳೂರಿನಲ್ಲೇ ಸಂಗೀತಾ, ಲಹರಿ ಅಂತ ಕಂಪನಿಗಳು ಎದ್ದವು. 1987ರಲ್ಲಿ ಕ್ರೇಜಿ ಸ್ಟಾರ್ ರವಿಚಂದ್ರನ್ ಮತ್ತು ಹಂಸಲೇಖ ಸೇರಿ 'ಪ್ರೇಮಲೋಕ' ಕೊಟ್ಟರು ನೋಡಿ... ಕ್ಷೌರದ ಅಂಗಡಿ, ಬೇಕರಿ, ಖಾಸಗಿ ಬಸ್ಸು, ಗಣಪತಿ ಪೆಂಡಾಲು, ಎಲ್ಲಿ ನಿಂತರೂ ಅದೇ! ಬಸ್ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಡೆದರೆ ದಾರಿಯಲ್ಲೇ ಇಡೀ ಕ್ಯಾಸೆಟ್ ಕೇಳಿ ಮುಗಿಸಬಹುದಿತ್ತು.

ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ಇನ್ನೊಂದು ಹಾದಿ. ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ಅಂಗಡಿಗೆ ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡೋರು. ಕಂಪನಿಗಳಿಗೆ ಅದು ನಷ್ಟ, ಕಾನೂನು ಒಪ್ಪೋ ಕೆಲಸವೂ ಅಲ್ಲ. ಆದರೆ ಒಬ್ಬನ ಮನಸ್ಸು ತಿಳಿಯಬೇಕಾದರೆ ಅವನ ಪಟ್ಟಿ ನೋಡಿದರೆ ಸಾಕಾಗಿತ್ತು. ಎ ಸೈಡ್ ಪೂರ್ತಿ ಪ್ರೇಮಗೀತೆ, ಬಿ ಸೈಡ್ ಪೂರ್ತಿ ವಿರಹಗೀತೆ ಅಂದರೆ ಹುಡುಗನಿಗೆ ಈ ವರ್ಷವೇ ಏನೋ ಆಗಿದೆ ಅಂತ ಅಂಗಡಿಯವನೂ ಹೇಳಿಬಿಡುತ್ತಿದ್ದ!

1979ರ ಜುಲೈಯಲ್ಲಿ ಸೋನಿಯವರು ವಾಕ್‌ಮನ್ ಬಿಟ್ಟರು. ಆ ಮೊದಲ ಮಾಡೆಲ್ಲಿನಲ್ಲಿ ಇಯರ್‌ಫೋನಿಗೆ ಎರಡು ತೂತು! ಇಬ್ಬರು ಕೂಡಿ ಕೇಳಲಿ ಅಂತ. ಕೇಳುತ್ತಲೇ ಮಾತಾಡಿಕೊಳ್ಳೋಕೆ ಒಂದು ಕಿತ್ತಳೆ ಬಣ್ಣದ ಬಟನ್ನು ಬೇರೆ. ಒಬ್ಬನೇ ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳೋದು ಮರ್ಯಾದೆಯಲ್ಲ ಅಂತ ಆ ಜಪಾನಿನವರಿಗೂ ಅನ್ನಿಸಿತ್ತು ಅಂತಾಯ್ತು. 2010ರಲ್ಲಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ಮಾರಾಟ ಕೊನೆಯಾಯಿತು.

ಸೆಟ್ಟಿನಲ್ಲೂ ಇದೇ ಕಥೆ

ಅಭಿಮಾನಿಗಳ ಕೈಯದು ಮಾತ್ರ ಹೋಯ್ತು ಅಂದುಕೋಬೇಡಿ. ಹಳೇ ಸಿನಿಮಾ ಪತ್ರಿಕೆ ತೆಗೆದು ನೋಡಿ, ಛಾಯಾಗ್ರಾಹಕರ ಫೋಟೋ ಅಂದರೆ ಕೊರಳಲ್ಲಿ ಲೈಟ್ ಮೀಟರ್ ತೂಗಲೇಬೇಕು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಗುರುದತ್‌ರ 'ಕಾಗಜ್ ಕೇ ಫೂಲ್' ಚಿತ್ರದಲ್ಲಿ, 1959ರಲ್ಲಿ, ಕನ್ನಡಿಗಳಿಂದ ಸೂರ್ಯನ ಬೆಳಕನ್ನೇ ತಿರುಗಿಸಿ ಸ್ಟುಡಿಯೋದೊಳಗೆ ಬೆಳಕಿನ ಕಂಬ ಇಳಿಸಿದರಲ್ಲ, ಅದಕ್ಕೆ ಯಾವ ಮೆಷಿನ್ನೂ ಸಾಟಿಯಲ್ಲ ಬಿಡಿ. ಆದರೆ ಬೆಳಕು ಎಷ್ಟಿದೆ ಅಂತ ಅಳೆಯೋ ಆ ಮೀಟರಿನ ಕೆಲಸಕ್ಕೆ ಈಗ ಫೋನಿನಲ್ಲೇ ಆ್ಯಪ್ ಇದೆ. ನಿರ್ದೇಶಕರು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ವ್ಯೂ ಫೈಂಡರ್? ಅದೂ ಆ್ಯಪ್. ನಾಯಕಿ ನಿನ್ನೆ ಯಾವ ಬಳೆ ಹಾಕಿದ್ದರು ಅಂತ ನೆನಪಿಡೋಕೆ ತೆಗೀತಿದ್ದ ಪೋಲರಾಯ್ಡ್ ಫೋಟೋ? ಆ ಕಂಪನಿ ಫಿಲ್ಮು ತಯಾರಿಸೋದನ್ನೇ 2008ರಲ್ಲಿ ನಿಲ್ಲಿಸಿತು. ಅಸಿಸ್ಟೆಂಟ್ ಹುಡುಗ ಫೋನಿನಲ್ಲಿ ಒಂದು ಫೋಟೋ ಹೊಡ್ಕೊಂಡ, ಮುಗೀತು.

ಕಡೆಗೆ ಕ್ಯಾಮೆರಾಕ್ಕೇ ಸಂಚಕಾರ ಬಂತು. ಅಮೆರಿಕದ ಶಾನ್ ಬೇಕರ್ 2015ರಲ್ಲಿ 'ಟ್ಯಾಂಜರೀನ್' ಅನ್ನೋ ಇಡೀ ಚಿತ್ರವನ್ನ ಐಫೋನ್ 5ಎಸ್‌ನಲ್ಲೇ ತೆಗೆದ. ಫೋನಿನ ಮುಂದೆ ಒಂದು ಪುಟ್ಟ ಲೆನ್ಸು ಸಿಕ್ಕಿಸಿದ್ದ, ಅಷ್ಟೇ. ದುಡ್ಡಿಲ್ಲದೆ ಹಾಗೆ ಮಾಡಿದವನು ಅವನು. 2025ರಲ್ಲಿ 'ಅನೋರಾ' ಚಿತ್ರಕ್ಕೆ ಅದೇ ಆಸಾಮಿ ಒಂದೇ ರಾತ್ರಿ ನಾಲ್ಕು ಆಸ್ಕರ್ ಎತ್ತಿಕೊಂಡ! ಗಾಂಧಿನಗರದ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದ ಮಿತ್ರರೇ, ಇದು ನಿಮಗೆ ಸಿಹಿ ಸುದ್ದಿಯೇ.

ಹಾಡು ಯಾರದಪ್ಪಾ?

ಹಾಗಾದರೆ ಕೋತಿಗೆ ಬರೀ ಲಾಭವೇ? ಸ್ವಲ್ಪ ತಡೀರಿ.

ನಾನು ದುಡ್ಡು ಕೊಟ್ಟು ಕೊಂಡ ಕ್ಯಾಸೆಟ್ ನನ್ನದು. ಕಂಪನಿ ಮುಳುಗಲಿ, ಅಂಗಡಿ ಮುಚ್ಚಲಿ, ಹಾಡು ನನ್ನ ಕಪಾಟಿನಲ್ಲಿ. ಫೋನಿನಲ್ಲಿ ನೀವು ಕೇಳೋ ಹಾಡು ಬಾಡಿಗೆ ಮನೆ ಇದ್ದ ಹಾಗೆ. 2023ರ ಮಾರ್ಚಿಯಲ್ಲಿ ಝೀ ಮ್ಯೂಸಿಕ್‌ನವರಿಗೂ ಸ್ಪಾಟಿಫೈನವರಿಗೂ ಕರಾರು ಕೂಡಿಬರಲಿಲ್ಲ. ನೋಡನೋಡುತ್ತಲೇ ಹಾಡುಗಳು ಜನರ ಪಟ್ಟಿಯಿಂದ ಮಾಯ! 2024ರಲ್ಲಿ ಏರ್‌ಟೆಲ್‌ನವರು ತಮ್ಮ ವಿಂಕ್ ಮ್ಯೂಸಿಕ್ ಅಂಗಡಿಯನ್ನೇ ಮುಚ್ಚಿದರು. ಹತ್ತು ವರ್ಷ ಅದರಲ್ಲಿ ಹಾಡು ಕೂಡಿಸಿಟ್ಟವರು ಮತ್ತೊಂದು ಬಾಡಿಗೆ ಮನೆ ಹುಡುಕಬೇಕಾಯ್ತು.

ಇದಾದರೂ ಸಹಿಸಬಹುದು. ಸಿನಿಮಾ ಹಾಡು ಇಲ್ಲಿಲ್ಲದಿದ್ದರೆ ಅಲ್ಲಿ ಸಿಗುತ್ತೆ. ಎಲ್ಲೂ ಸಿಗದ ಮಾಲೊಂದಿದೆ. ಟೂ-ಇನ್-ಒನ್‌ನಲ್ಲಿ ಒಂದು ಕೆಂಪು ಬಟನ್ ಇತ್ತು, ನೆನಪಿದೆಯೇ? ಪ್ಲೇ ಜತೆಗೆ ಅದನ್ನೂ ಒತ್ತಿದರೆ ರೆಕಾರ್ಡು! ನಮ್ಮ ದೇಶದ ಸಾಮಾನ್ಯ ಮನುಷ್ಯ ತನ್ನ ದನಿಯನ್ನ ತಾನೇ ಹಿಡಿದಿಟ್ಟದ್ದು ಆ ಬಟನ್ನಿನಿಂದ. ಅಜ್ಜಿಯ ಸೋಬಾನೆ ಪದ, ಸೋಮನ ಕುಣಿತದ ಹಿಂದಿನ ಹಾಡು, ಮಗುವಿನ ತೊದಲು, ದುಬೈನಲ್ಲಿದ್ದ ಗಂಡನಿಗೆ ಕಾಗದದ ಬದಲು ಕಳಿಸಿದ ಕ್ಯಾಸೆಟ್ಟು, ಊರ ಜಾತ್ರೆಯ ನಾಟಕ... ಇದ್ಯಾವುದೂ ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಒಂದೇ ಪ್ರತಿ. ಅದೂ ಟ್ರಂಕಿನ ತಳದಲ್ಲಿ, ಬೂಷ್ಟು ಹಿಡೀತಾ.

ಹಾರ್ಮೋನಿಯಂ ಮೇಷ್ಟ್ರ ದನಿ

ಹೋದ ವರ್ಷ ನಮ್ಮೂರ ಕಡೆಯ ಹುಡುಗನೊಬ್ಬ ನನ್ನನ್ನ ಹುಡುಕಿಕೊಂಡು ಬಂದ. ಬೆಂಗಳೂರಿನಲ್ಲಿ ಕೆಲಸ, ರಿಲೀಸ್ ದಿನ ಫಸ್ಟ್ ಷೋ ತಪ್ಪಿಸದ ಗಿರಾಕಿ. ಕಂಕುಳಲ್ಲಿ ಒಂದು ಬಿಸ್ಕತ್ ಡಬ್ಬಿ. ಅವನ ತಾತ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ವಯಸ್ಸಾದ ಮೇಲೆ ಹಳ್ಳಿಹಳ್ಳಿಗೆ ಹೋಗಿ ರೈತರಿಗೆ 'ಕುರುಕ್ಷೇತ್ರ' ನಾಟಕ ಕಲಿಸೋರು. ನಮ್ಮ ಸೀಮೆಯಲ್ಲಿ ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ, ಅವರೇ. ಈ ಹುಡುಗ ಹುಟ್ಟೋ ಮುಂಚೆಯೇ ಅವರು ಹೋಗಿಬಿಟ್ಟಿದ್ದರು.

"ಸಾರ್, ಫೋನಲ್ಲಿ ತಾತನ ಹೆಸರು ಹಾಕಿ ಹುಡುಕಿದೆ. ಏನೂ ಬರಲ್ಲ. ಅಟ್ಟದ ಮೇಲೆ ಇದು ಸಿಕ್ತು. ಒಂದ್ಸಲ ಅವರ ದನಿ ಕೇಳಬೇಕು ಸಾರ್" ಅಂದ.

ಮೇಲಿದ್ದ ಕ್ಯಾಸೆಟ್ ಎತ್ತಿ ನೋಡಿದೆ. ಪೆನ್ನಿನಲ್ಲಿ ಬರೆದ ಊರಿನ ಹೆಸರು, 1984. ಪುಣ್ಯಕ್ಕೆ ಯಾರೋ ಬುದ್ಧಿವಂತರು ಬೆನ್ನಿನ ಎರಡೂ ಪ್ಲಾಸ್ಟಿಕ್ ಎಸಳು ಮುರಿದಿದ್ದರು. ಅದು ಮುರಿದರೆ ಮೇಲೆ ಮತ್ತೆ ರೆಕಾರ್ಡ್ ಮಾಡೋಕಾಗಲ್ಲ. ಆದರೆ ಟೇಪಿನ ಹಿಂದೆ ಒತ್ತಿ ಹಿಡಿಯೋ ಕಡಲೆ ಗಾತ್ರದ ಮೆತ್ತೆ ಇರುತ್ತಲ್ಲ, ಅದು ಅಂಟು ಒಣಗಿ ಉದುರಿಹೋಗಿತ್ತು. ಅದಿಲ್ಲದೆ ಹಾಕಿದರೆ ದನಿ ಬಾವಿಯೊಳಗಿಂದ ಬಂದ ಹಾಗೆ ಬರುತ್ತೆ. "ಎಲ್ಲೂ ಹಾಕಿ ನೋಡ್ಬೇಡಪ್ಪಾ, ಮೊದಲು ರಿಪೇರಿ" ಅಂದೆ.

ಇಬ್ಬರೂ ಎಸ್.ಪಿ. ರೋಡಿಗೆ ಹೋದೆವು. ಮೊದಲನೇ ಅಂಗಡಿಯವನು ಕ್ಯಾಸೆಟ್ ನೋಡಿ ನಕ್ಕ. ಎರಡನೆಯವನು "ಮ್ಯೂಸಿಯಮ್ಮಿಗೆ ಕೊಡಿ" ಅಂದ. ನಾಲ್ಕನೇ ಕಡೆ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ, ಅರವತ್ತು ದಾಟಿದ ಯಜಮಾನರೊಬ್ಬರು ಕನ್ನಡಕ ಮೇಲೇರಿಸಿ "ಕೊಡಿ ಇಲ್ಲಿ" ಅಂದರು.

ಅವರು ಕೆಲಸ ಮಾಡಿದ ಚಂದ ನೋಡಬೇಕಿತ್ತು! ಮೊದಲು ತಮ್ಮ ಹಳೇ ಡೆಕ್ಕನ್ನೇ ಬಿಚ್ಚಿದರು. ಒಳಗಿನ ರಬ್ಬರ್ ಬೆಲ್ಟು ಹಲಸಿನ ಮೇಣದ ಹಾಗೆ ಕರಗಿ ಚಕ್ರಕ್ಕೆ ಅಂಟಿತ್ತು. ಸ್ಪಿರಿಟ್ ಹಚ್ಚಿ ಒರೆಸಿ ಹೊಸದು ಹಾಕಿದರು. ಹೆಡ್ಡನ್ನೂ ಸ್ಪಿರಿಟ್ ಹತ್ತಿಯಲ್ಲಿ ಉಜ್ಜಿದರು, ಹತ್ತಿ ಕಂದುಬಣ್ಣಕ್ಕೆ ತಿರುಗಿತು. "ಯಾರದೋ ಹಾಡಿನ ಪುಡಿ ಇದು" ಅಂದರು, ನಗದೆ. ಆಮೇಲೆ ಕ್ಯಾಸೆಟ್ಟಿನ ಐದು ತಿರುಪು ಬಿಚ್ಚಿ, ಕೆಲಸಕ್ಕೆ ಬಾರದ ಇನ್ನೊಂದು ಕ್ಯಾಸೆಟ್ಟಿನ ಮೆತ್ತೆ ಕಿತ್ತು ಇದಕ್ಕೆ ಕೂರಿಸಿದರು. ತಕ್ಷಣ ಪ್ಲೇ ಒತ್ತಲಿಲ್ಲ. ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿದರು. ಎಷ್ಟೋ ವರ್ಷ ಅಲುಗಾಡದೆ ಕೂತ ಟೇಪಿನ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವಂತೆ.

ಹುಡುಗ ಫೋನ್ ತೆಗೆದು ಸ್ಪೀಕರ್ ಮುಂದೆ ಹಿಡಿಯೋಕೆ ಹೋದ. ಯಜಮಾನರು ಕೈ ಅಡ್ಡ ಹಿಡಿದರು. "ಹಾಗೆ ಹಿಡಿದ್ರೆ ನಿಮ್ಮ ತಾತನ ಜತೆ ಎಸ್.ಪಿ. ರೋಡಿನ ಆಟೋಗಳೂ ಹಾಡ್ತವೆ." ಡೆಕ್ಕಿನ ಹಿಂದಿನಿಂದ ವಯರ್ ಎಳೆದು ಕಂಪ್ಯೂಟರಿಗೆ ಕೊಟ್ಟರು. ಎಂಪಿ3 ಬೇಡ, ಮೊದಲು ವೇವ್ ಫೈಲ್ ಮಾಡಿಕೊಳ್ಳಿ, ಜಾಗ ಜಾಸ್ತಿ ತಿಂದರೂ ದನಿ ಒಂಚೂರೂ ಕಡಿಮೆಯಾಗಲ್ಲ, ಫೋನಿಗೆ ಆಮೇಲೆ ಚಿಕ್ಕದು ಮಾಡಿ ಹಾಕ್ಕೊಳ್ಳಿ ಅಂತ ಹೇಳಿದರು. ನಿಮ್ಮ ಮನೆಯ ಕ್ಯಾಸೆಟ್ಟಿಗೂ ಇದೇ ದಾರಿ, ಬರೆದಿಟ್ಟುಕೊಳ್ಳಿ. ಮಧ್ಯೆ ಬೇಡದ ಭಾಗ ಬಂತು ಅಂತ ನಿಲ್ಲಿಸಿ ನಿಲ್ಲಿಸಿ ಮಾಡಬೇಡಿ. ತುದಿಯಿಂದ ತುದಿಗೆ ಒಂದೇ ಓಟದಲ್ಲಿ ಇಳಿಸಿ. ಹಾಡು ಶುರುವಾಗೋ ಮುಂಚಿನ ಗದ್ದಲದಲ್ಲೇ ಯಾರ ದನಿ ಇರುತ್ತೋ ಯಾರು ಬಲ್ಲರು!

ಪ್ಲೇ ಒತ್ತಿದರು. ಮೊದಲು ಬರೀ ಸ್ಸ್ಸ್... ಆಮೇಲೆ ದೂರದಲ್ಲಿ ಮಂಕಾಗಿ ಒಂದು ಆಲಾಪ. ಎರಡು ಸೆಕೆಂಡಿನ ನಂತರ ಅದೇ ಆಲಾಪ ಗಟ್ಟಿಯಾಗಿ! ಹುಡುಗ ಬೆಚ್ಚಿದ. ದೆವ್ವ ಗಿವ್ವ ಏನಲ್ಲ. ಟೇಪಿನ ಒಂದು ಸುತ್ತಿನ ಅಯಸ್ಕಾಂತ ವರ್ಷಗಟ್ಟಲೆ ಒತ್ತಿಕೊಂಡಿದ್ದು ಪಕ್ಕದ ಸುತ್ತಿಗೂ ಅಚ್ಚಾಗುತ್ತೆ. ಹಾಗಾಗಿ ದನಿಗಿಂತ ಮುಂಚೆ ಅದರ ನೆರಳು ಬರುತ್ತೆ. ಯಜಮಾನರು ಹೆಡ್ಡಿನ ಪಕ್ಕದ ಸಾಸಿವೆಯಷ್ಟು ದೊಡ್ಡ ತಿರುಪನ್ನ ಕೂದಲೆಳೆಯಷ್ಟು ತಿರುಗಿಸಿದರು. ಮಂಕು ಹರಿದು 'ಸ'ಕಾರ 'ಶ'ಕಾರ ಎಲ್ಲಾ ಬಿಡಿಬಿಡಿಯಾಗಿ ಕೇಳಿಸಿತು. ಟೇಪನ್ನ ಮೊದಲಿಗೆ ಸುತ್ತಿ ಮತ್ತೆ ಶುರು ಮಾಡಿದರು.

ದುರ್ಯೋಧನನ ಪಾತ್ರಧಾರಿ ಕಂದಪದ್ಯ ಎತ್ತಿದ್ದ. ಹಾರ್ಮೋನಿಯಂ ಅವನ ಬೆನ್ನಿಗೇ ಓಡುತ್ತಿತ್ತು. ಎ ಸೈಡ್ ಮುಗೀತು, ಬಿ ಸೈಡ್ ಅರ್ಧ ಮುಗೀತು, ತಾತನ ಬೆರಳು ಕೇಳಿಸಿತೇ ಹೊರತು ಬಾಯಿ ಕೇಳಲಿಲ್ಲ. ಹುಡುಗನ ಮುಖ ಸಣ್ಣಗಾಯ್ತು. ಯಜಮಾನರು ಸುಮ್ಮನೆ ಬೀಡಿ ಹಚ್ಚಿದರು. ಅಷ್ಟರಲ್ಲಿ ಪದ್ಯದ ಮಧ್ಯೆ ಹಾರ್ಮೋನಿಯಂ ತಟಕ್ಕನೆ ನಿಂತಿತು. ಮೈಕಿನ ಪಕ್ಕದಲ್ಲೇ ಒಂದು ಗಡಸು ದನಿ:

"ಶ್ರುತಿ ಎಲ್ಲಿಗೆ ಬಿಟ್ಟೆಯಲ್ಲಯ್ಯಾ ದುರ್ಯೋಧನಾ? ಗದ್ದೆಗಾ? ಮೊದಲಿಂದ ಹಿಡಿ!"

ಜನ ಗೊಳ್ಳೆಂದರು, 1984ರಲ್ಲಿ. ಎಸ್.ಪಿ. ರೋಡಿನಲ್ಲಿ ನಾವು ಮೂವರೂ ನಕ್ಕೆವು. ಹುಡುಗ ಮಾತ್ರ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡ. "ನಮ್ಮಪ್ಪ ಬೈಯೋದೂ ಹಿಂಗೇ ಸಾರ್. ಥೇಟ್ ಇದೇ ರಾಗ" ಅಂದ. ಅಲ್ಲೇ ನಿಂತು ಆ ತುಂಡನ್ನ ಫೋನಿಗೆ ಹಾಕಿಸಿಕೊಂಡು ಊರಿಗೆ, ಅಪ್ಪನಿಗೆ ಕಳಿಸಿದ. ಕಳಿಸಿದ ಮರುನಿಮಿಷವೇ ಅತ್ತಲಿಂದ ಫೋನು. ಹಲೋ ಇಲ್ಲ, ಏನಿಲ್ಲ. "ಎಲ್ಲಿ ಸಿಕ್ತೋ ಅಣ್ಣನ ದನಿ?" ನಮ್ಮ ಕಡೆ ಹಳಬರು ಅಪ್ಪನನ್ನ ಅಣ್ಣ ಅಂತಲೇ ಕರೆಯೋದು.

ಟೇಪ್ ತುದಿ ಮುಟ್ಟಿ ಬಟನ್ ಟಕ್ ಅಂತ ಮೇಲೆದ್ದಿತು. ಯಜಮಾನರು ಲೆಕ್ಕ ಹೇಳಿ ದುಡ್ಡು ತಗೊಂಡರು. ಹುಡುಗ ಬಿಸ್ಕತ್ ಡಬ್ಬಿಯ ಮುಚ್ಚಳ ಮತ್ತೆ ತೆಗೆದ.

"ಇನ್ನೂ ಹನ್ನೊಂದಿವೆ ಸಾರ್. ಮೂರಕ್ಕೆ ಬೂಷ್ಟು ಬಂದಿದೆ."

ಯಜಮಾನರು ಡಬ್ಬಿಯನ್ನ ಬೆಳಕಿಗೆ ಹಿಡಿದು ಒಂದೊಂದೇ ತಿರುಗಿಸಿ ನೋಡಿದರು. "ಬೂಷ್ಟು ಬಂದಿದ್ದನ್ನ ಬೇರೆ ಕವರಿಗೆ ಹಾಕಿ. ಒಂದರಿಂದ ಒಂದಕ್ಕೆ ಹತ್ತುತ್ತೆ. ಬಿಸಿಲಿಗೆ ಮಾತ್ರ ಇಡಬೇಡಿ. ಸೋಮವಾರ ಬೆಳಿಗ್ಗೆ ಬನ್ನಿ, ಇನ್ನೊಂದು ಬೆಲ್ಟ್ ತರಿಸಿಟ್ಟಿರ್ತೀನಿ" ಅಂದರು.